ಆರ್ಡಿಸ್ ಹೊರಗೊಂದು ಇಟ್ಟುಕೊಂಡಳು

ಟ್ರಿಗ್ವಿಯ ತಲೆಯಲ್ಲಿ ಇನ್ನೂ ಕೂದಲಿತ್ತು. ವೆಂಡೆಲ್‌ನ ಮೊದಲ ದೂರು ಇದು. ಅರವತ್ತು ದಾಟಿದ ಗಂಡಸಿಗೆ, ಅದೂ ಹೆಂಡತಿ ತೀರಿಕೊಂಡವನಿಗೆ, ಅಷ್ಟೊಂದು ಕೂದಲು ಯಾಕೆ ಬೇಕು? ಎರಡನೆಯ ದೂರು, ಆ ಕೂದಲು ಊರ ಗ್ರಂಥಾಲಯದಲ್ಲಿ ಹಿರಿಯರಿಗೆ ಕಂಪ್ಯೂಟರ್ ಪಾಠ ಹೇಳುತ್ತಿತ್ತು. ಮೂರನೆಯದು ಎಲ್ಲಕ್ಕಿಂತ ಘೋರ: ಪಾಠದ ಮುಂದಿನ ಸಾಲಿನಲ್ಲಿ ವೆಂಡೆಲ್‌ನ ಧರ್ಮಪತ್ನಿ ಆರ್ಡಿಸ್ ಕೂರುತ್ತಿದ್ದಳು.

ಆರ್ಡಿಸ್‌ಗೆ ಪಾಠ ಬೇಕಿತ್ತು, ಸುಳ್ಳಲ್ಲ. ಚರ್ಚಿಗೆ ನೂರು ತುಂಬುವ ಹೊತ್ತಿಗೆ ಊರ ಹೆಂಗಸರ ಅಡುಗೆಗಳದೊಂದು ಪುಸ್ತಕ ತರುವ ಭಾರ ಅವಳ ತಲೆಗೆ ಬಿದ್ದಿತ್ತು. ಮಿನೆಸೋಟದ ಹಿಮದಲ್ಲಿ ಮನೆಮನೆ ತಿರುಗಿ, ಮುದುಕಿಯರ ಬಾಯಿಂದ ಕೇಳಿ ಕೇಳಿ ಕಂಪ್ಯೂಟರಿಗೆ ಏರಿಸಿದ್ದಳು. ಅವರಲ್ಲಿ ಎಷ್ಟೋ ಜನ ಈಗ ಚರ್ಚಿನ ಹಿತ್ತಲಲ್ಲಿ ಮಲಗಿದ್ದರು. ಉಪ್ಪೆಷ್ಟು ಎಂದು ಇನ್ನೊಮ್ಮೆ ಕೇಳೋಣವೆಂದರೆ ಎದ್ದು ಬರುವವರಲ್ಲ.

"ರ‍್ಯಾನ್ಸಮ್‌ವೇರ್ ಅಂತ ಒಂದಿದೆ ಕಣೋ," ಎಂದಳು ಒಂದು ದಿನ, ಒಲೆಯಿಂದಿಳಿಸಿದ ಆಲೂಗಡ್ಡೆ-ಮಾಂಸದ ಹಾಟ್‌ಡಿಶ್ ಬಡಿಸುತ್ತ. "ಮೇಲ್‌ನಲ್ಲಿ ಬರುತ್ತೆ. ತೆರೆದ್ವೋ, ಒಳಗೆ ನುಗ್ಗಿ ನಮ್ಮ ಫೈಲಿಗೆಲ್ಲ ನಮಗೇ ಬೀಗ ಹಾಕಿಬಿಡುತ್ತೆ. ಬೀಗದಕೈ ಬೇಕಾದ್ರೆ ದುಡ್ಡು ಕೊಡಿ ಅನ್ನುತ್ತೆ. ಕೊಟ್ರೂ ಸಿಗುತ್ತೆ ಅನ್ನೋ ಖಾತ್ರಿ ಇಲ್ಲವಂತೆ. ಗೊತ್ತಿಲ್ಲದವರು ಕಳಿಸಿದ್ದನ್ನ ಮುಟ್ಟಲೇಬಾರದು ಅಂತಾರೆ ಟ್ರಿಗ್ವಿ."

"ಅಂತಾರಾ ಟ್ರಿಗ್ವಿ?"

"ಹೂಂ. ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾರೆ ಗೊತ್ತಾ?"

"ನನಗೂ ಬಿಡಿಸೋಕೆ ಬರುತ್ತೆ."

"ಬರುತ್ತೆ. ಮೀನಿನ ಬಾಯಿಂದ ಗಾಳ!"

ಅದೇ ವಾರ ಆರ್ಡಿಸ್ ತಂಗಿಯ ಜೊತೆ ಫೋನಿನಲ್ಲಿ ಆಡುತ್ತಿದ್ದ ಮಾತು ವೆಂಡೆಲ್‌ನ ಕಿವಿಗೆ ಬಿತ್ತು. (ಬಿತ್ತು ಎನ್ನುವುದು ಮರ್ಯಾದೆಯ ಮಾತು. ಕಿವಿಯನ್ನು ಬಾಗಿಲಿಗೆ ಅಂಟಿಸಿಯೇ ಇಟ್ಟಿದ್ದ.)

"ಮನೇಲಿರೋದನ್ನ ನಂಬೋಕಾಗಲ್ಲ ಕಣೇ. ಹಳೇದು, ನಿಧಾನ, ಯಾವತ್ತು ಕೈಕೊಡುತ್ತೋ! ಅದಕ್ಕೇ ಟ್ರಿಗ್ವಿ ಮಾತು ಕೇಳಿ ಹೊರಗೊಂದು ಇಟ್ಕೊಂಡಿದೀನಿ. ಗುರುವಾರ ಗುರುವಾರ ಚರ್ಚಿನ ನೆಲಮಾಳಿಗೇಲಿ... ಅಯ್ಯೋ, ವೆಂಡೆಲ್‌ಗೆ ಹೇಳಿಲ್ಲ! ಹೇಳಿದ್ರೆ ಊರಿಗೆಲ್ಲ ಡಂಗುರ."

ವೆಂಡೆಲ್ ಕನ್ನಡಿಯ ಮುಂದೆ ಹೋಗಿ ನಿಂತ. ಹಳೇದು, ನಿಜ. ನಿಧಾನ, ಮಂಡಿನೋವಿದೆ. ಆದರೆ ಕೈಕೊಟ್ಟದ್ದು ಯಾವಾಗ? ಹೊಟ್ಟೆಕಿಚ್ಚಿಗೆ ಮೊದಲು ಹೊಟ್ಟೆ ಬೇಕು, ಅವನಿಗದು ಧಾರಾಳವಾಗಿತ್ತು.

ಭಾನುವಾರ ಆ ಕೂದಲು ಕಾಫಿಗೆ ಮನೆಗೇ ಬಂತು.

"ಇನ್ನೊಂದು ನಿಂಬೆ ಬಾರ್ ತಗೊಳ್ಳಿ," ಎಂದಳು ಆರ್ಡಿಸ್, ಸಿಹಿಯ ತಟ್ಟೆ ಮುಂದೆ ಮಾಡಿ.

"ಬೇಡ ಬೇಡ."

"ಒಂದು ಚೂರು?"

"ಅಯ್ಯೋ, ಬೇಡಿ."

"ಸುಮ್ಮನೆ ತಗೊಳ್ಳಿ ಅಂದ್ರೆ!"

"ಇಷ್ಟು ಹೇಳಿದ ಮೇಲೆ..." ಎಂದು ಟ್ರಿಗ್ವಿ ಎರಡು ಎತ್ತಿಕೊಂಡ. ಇದರಲ್ಲಿ ತಪ್ಪು ಹುಡುಕಲು ವೆಂಡೆಲ್‌ಗೂ ಆಗಲಿಲ್ಲ. ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪುವುದು ಆ ಊರಿನ ನಡವಳಿಕೆ. ಮೊದಲ ಸಲಕ್ಕೇ ಹೂಂ ಎನ್ನುವವನು ಹೊರಗಿನವನು.

ಗುರುವಾರ ಆರ್ಡಿಸ್ ಚರ್ಚಿಗೆ ಹೊರಟದ್ದೇ ತಡ, ವೆಂಡೆಲ್ ಅವಳ ಮೇಲ್ ತೆರೆದ. ಎಲ್ಲಕ್ಕೂ ಮೇಲೆ ಇತ್ತು: "ಮೊನ್ನೆಯ ಸವಿನೆನಪಿಗೆ. ಫೋಟೋಗಳು ಒಳಗಿವೆ. ಇಂತಿ, ಟಿ." ಗೊತ್ತಿಲ್ಲದವರು ಕಳಿಸಿದ್ದನ್ನು ಮುಟ್ಟಬಾರದು, ಸರಿ. ಆದರೆ ಈ 'ಟಿ' ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ! ಒತ್ತಿದ. ಅಪಾಯವಿರಬಹುದು, ಬೇಡ ಎಂದಿತು ಕಂಪ್ಯೂಟರ್. ಮತ್ತೆ ಒತ್ತಿದ. ಖಂಡಿತ ಬೇಡ ಎಂದಿತು. 'ಮರ್ಯಾದಸ್ಥ ಯಂತ್ರ' ಎಂದುಕೊಂಡು ಮೂರನೆಯ ಸಲ ಒತ್ತಿದ. ಅಂದುಕೊಂಡ ಹಾಗೆಯೇ ಅದು ಒಪ್ಪಿತು.

ಫೋಟೋ ಬರಲಿಲ್ಲ. ಕೆಂಪು ಪರದೆ ಬಂತು: ನಿಮ್ಮ ಫೈಲುಗಳಿಗೆಲ್ಲ ಬೀಗ ಬಿದ್ದಿದೆ, ಹಣ ಕಳಿಸಿ. ಅಡುಗೆಗಳ ಹೆಸರೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿದ್ದವು. ಸ್ವೆಂಡ್ಸನ್ ಅಜ್ಜಿಯನ್ನು ಮಣ್ಣು ಮಾಡಿದ ದಿನ, "ಅವಳ ಕೇಕಾದರೂ ನನ್ನ ಹತ್ತಿರ ಉಳೀತು" ಎಂದು ಆರ್ಡಿಸ್ ಕಣ್ಣೊರೆಸಿಕೊಂಡದ್ದು ವೆಂಡೆಲ್‌ಗೆ ನೆನಪಾಯಿತು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ.

ಆರ್ಡಿಸ್ ಬಂದವಳು ಪರದೆ ನೋಡಿ ಮೊದಲು ಇಂಟರ್‌ನೆಟ್ಟಿನ ತಂತಿ ಕಿತ್ತಳು. ಆಮೇಲೆ ಗಂಡನತ್ತ ತಿರುಗಿದಳು.

"ನಾನೇ ಒತ್ತಿದೆ," ಎಂದ. "ಅಡುಗೆಗಳೆಲ್ಲ ಹೋದವು, ಆರ್ಡಿಸ್. ನನ್ನಿಂದ ಹೋದವು."

"ಎಲ್ಲಿಗೂ ಹೋಗಿಲ್ಲ. ಕೋಟು ಹಾಕ್ಕೋ."

ಚರ್ಚಿನ ನೆಲಮಾಳಿಗೆಯಲ್ಲಿ ಲೂಟೆಫಿಸ್ಕ್ ಬೇಯಿಸುವ ದೊಡ್ಡ ಹಂಡೆಯಿತ್ತು. ಆ ಮೀನು ಬೇಯುವುದು ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ. ಉಳಿದಂತೆ ವಾಸನೆಗೆ ಹೆದರಿ ಯಾರೂ ಮುಚ್ಚಳ ಮುಟ್ಟುವುದಿಲ್ಲ. ಆರ್ಡಿಸ್ ಕೈಹಾಕಿ ಬಟ್ಟೆ ಸುತ್ತಿದ ಪುಟ್ಟ ಡಬ್ಬಿಯೊಂದನ್ನು ತೆಗೆದಳು.

"ಎಲ್ಲದರ ನಕಲೂ ಈ ಡಿಸ್ಕಿನಲ್ಲಿದೆ. ಮನೆಗೊಯ್ದು ಹೊಸದನ್ನ ತುಂಬ್ಕೊಂಡು, ಗುರುವಾರ ಗುರುವಾರ ಇಲ್ಲಿ ತಂದಿಡ್ತೀನಿ. ಮನೇಲೇ ಕಂಪ್ಯೂಟರಿಗೆ ಚುಚ್ಚಿಟ್ಟಿದ್ರೆ ಇದಕ್ಕೂ ಬೀಗ ಬೀಳ್ತಿತ್ತು."

"ನೀನು ಹೊರಗಿಟ್ಟುಕೊಂಡದ್ದು... ಇದನ್ನಾ?"

"ಮತ್ತೇನಂದ್ಕೊಂಡೆ?"

"ಮನೇಲಿರೋ ಹಳೇದು, ನಿಧಾನದ್ದು...?"

"ಕಂಪ್ಯೂಟರ್ ಕಣೋ!" ಎಂದವಳು ಅವನ ಕೆಂಪು ಕಿವಿ ನೋಡಿದಳು. ವಿಷಯ ಹೊಳೆಯಿತು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದು ಕೂತಳು. ಇಷ್ಟು ದೊಡ್ಡ ಸಂತೋಷವನ್ನು ವೆಂಡೆಲ್ ಅವಳಿಗೆ ಮದುವೆಯಾದ ಮೇಲೆ ಕೊಟ್ಟಿದ್ದಿಲ್ಲ.

ಟ್ರಿಗ್ವಿ ಬಂದು ಕಂಪ್ಯೂಟರನ್ನು ಪೂರ್ತಿ ಅಳಿಸಿ, ಹೊಸದಾಗಿ ಸಜ್ಜುಮಾಡಿ, ಅಡುಗೆಗಳನ್ನೆಲ್ಲ ಮರಳಿ ತುಂಬಿಸಿದ. ಕೊನೆಗೆ ಗಂಟಲು ಸರಿಮಾಡಿಕೊಂಡ. "ಎಲ್ಲರಿಗೂ ಎಲ್ಲ ಅಧಿಕಾರ ಇರಬಾರದು. ಒಬ್ಬರು ಯಜಮಾನರಿರಲಿ. ಹೊಸದೇನು ಹಾಕೋದಿದ್ರೂ ಅವರ ಒಪ್ಪಿಗೆ ಬೇಕು."

ವೆಂಡೆಲ್ ಎದೆ ಸೆಟೆಸಿದ.

"ನೀವೇ ಆಗಿಬಿಡಿ," ಎಂದಳು ಆರ್ಡಿಸ್, ಟ್ರಿಗ್ವಿಗೆ.

"ಛೆ, ಬೇಡ."

"ನಿಮಗಿಂತ ಯಾರಿದ್ದಾರೆ?"

"ಅಯ್ಯೋ, ಬೇಡಿ."

ಇದೊಂದು ಸಲವಾದರೂ ಬೇಡ ಎಂದರೆ ಬೇಡ ಎಂದೇ ಆಗಲಿ ಎಂದು ವೆಂಡೆಲ್ ದೇವರನ್ನು ಪ್ರಾರ್ಥಿಸಿದ.

"ಸುಮ್ಮನೆ ಒಪ್ಕೊಳ್ಳಿ ಅಂದ್ರೆ!"

"ಇಷ್ಟು ಹೇಳಿದ ಮೇಲೆ..." ಎಂದ ಟ್ರಿಗ್ವಿ, ಕೂದಲ ಮೇಲೆ ಕೈಯಾಡಿಸುತ್ತ.

ಮರುದಿನ ವೆಂಡೆಲ್ ಇಸ್ಪೀಟಿನ ಆಟವೊಂದನ್ನು ಹಾಕಿಕೊಳ್ಳಲು ಹೋದ. 'ನೀವು ಅತಿಥಿ. ಯಜಮಾನರ ಅನುಮತಿ ಬೇಕು' ಎಂದಿತು ಪರದೆ. ಮತ್ತೆ ಒತ್ತಿದ. ಮೂರನೆಯ ಸಲವೂ ಒತ್ತಿದ. ಯಂತ್ರ ಈಗ ಊರಿನ ನಡವಳಿಕೆಯನ್ನೇ ಬಿಟ್ಟಿತ್ತು.

"ಆರ್ಡಿಸ್! ಇದು ಯಜಮಾನರನ್ನ ಕೇಳ್ತಿದೆ!"

"ಕಾಫಿಗೆ ಬರ್ತಾರೆ," ಎಂದಳು ಅವಳು ಒಳಗಿನಿಂದ. "ಅಲ್ಲೀವರೆಗೂ ಸುಮ್ಮನೆ ಕೂತಿರು."