ಷಡ್ಡಕನಿಗೆ ಪೇಟೆ ತೋರಿಸಿದ್ದು

ಹುಟ್ಟಿದ ಊರನ್ನು ಯಾರೂ ನೋಡುವುದಿಲ್ಲ. ನೆಂಟರು ಬಂದಾಗ ತೋರಿಸುತ್ತಾರೆ, ಅಷ್ಟೆ. ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲೇ ಆದರೂ ಹಳೇ ಪೇಟೆಯ ಗಾಡಿಗಳ ಮುಂದೆ ನಿಂತು ಒಂದು ಮಿರ್ಚಿ ತಿಂದವನಲ್ಲ. ನನ್ನದು ಗ್ಯಾಸಿನ ಹೊಟ್ಟೆ. ಹೊಟ್ಟೆ ನನ್ನೊಬ್ಬನದಾದರೂ ಪಥ್ಯ ಮನೆಮಂದಿಗೆಲ್ಲ ಎಂದು ಕಾನೂನು ಮಾಡಿದ್ದೆ. ಹೆಂಡತಿ ಸರೋಜ ಎದುರಾಡದೆ ಒಪ್ಪಿಕೊಂಡಳು. ಹೆಂಡತಿ ಎದುರಾಡದೆ ಒಪ್ಪಿದರೆ ಗಂಡನಾದವನಿಗೆ ಅನುಮಾನ ಬರಬೇಕು. ನನಗೆ ಹೆಮ್ಮೆ ಬಂತು.

ಹೀಗಿರುವಾಗ ಹೊಳಲ್ಕೆರೆಯ ನನ್ನ ಷಡ್ಡಕ ನಾಗರಾಜ, ಎಂದರೆ ಸರೋಜಳ ತಂಗಿಯ ಗಂಡ, ಇಟಲಿಯ ಕಡೆ ಟೂರು ಹೋಗಿ ಮೆಡಿಟರೇನಿಯನ್ ಸಮುದ್ರದ ದಂಡೆಯ ಯಾವುದೋ ಹಳೇ ಊರು ನೋಡಿಕೊಂಡು ಬಂದ. ಬಂದವನು ಸುಮ್ಮನಿರಬಾರದೇ? ನಮ್ಮ ಸೋಫಾದಲ್ಲಿ ಕೂತು, "ಅಲ್ಲಿ ಸಂದಿ ಸಂದಿನಾಗೆ ಮಾರ್ಕೆಟ್ಟು ಐತಣ್ಣ. ಕಡಲೆಹಿಟ್ಟು ಕರಿದು ಬನ್ನಿನಾಗಿಟ್ಟು ಕೊಡ್ತಾರೆ, ನಿಂತ್ಕಂಡೇ ತಿನ್ನಾದು! ನಮ್ಮೂರಾಗೆ ಏನೈತೆ ಹೇಳ್ರಿ?" ಎಂದ. ಕಡಲೆಹಿಟ್ಟು ಕರಿದಿದ್ದನ್ನು ತಿನ್ನಲು ಸಮುದ್ರ ದಾಟಿದವನನ್ನು ಕಂಡು ನನಗೆ ರೇಗಿತು. "ನಾಳೆ ಸಂಜೆ ನಡಿಯಪ್ಪ, ತೋರಿಸ್ತೀನಿ. ಕೋಟೆ ಬುಡದ ಪೇಟೆ ನನಗೆ ಅಂಗೈಯಾಗಿನ ಗೆರೆ ಇದ್ದಂಗೆ" ಎಂದುಬಿಟ್ಟೆ. ಎಲ್ಲಿ ಏನು ಸಿಗುತ್ತದೆಂದೇ ಗೊತ್ತಿಲ್ಲದವನ ಮರ್ಯಾದೆ ಈಗ ಷಡ್ಡಕನ ಕೈಯಲ್ಲಿತ್ತು.

"ನಾಳೆ ಸೋಮವಾರ ಕಣ್ರಿ" ಎಂದು ಸರೋಜ ಯಾಕೋ ಎರಡು ಸಲ ಹೇಳಿದಳು. ಸೋಮವಾರ ಅವಳದು ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ. ಸಂಜೆ ದೇವಸ್ಥಾನಕ್ಕೆ ಹೋಗಿಬಂದು ಬರೀ ಹಾಲು ಕುಡಿದು ಮಲಗುತ್ತಾಳೆ. ವರ್ಷಗಳಿಂದ ಆ ವ್ರತ ಕಂಡು ನನಗೆಷ್ಟು ಮರುಕವೆಂದರೆ, ಆ ರಾತ್ರಿ ನಾನೂ ಅರ್ಧ ಮುದ್ದೆ ಕಡಿಮೆ ಉಣ್ಣುತ್ತೇನೆ. "ನೀನು ತಿನ್ನಬೇಡ, ಸುಮ್ನೆ ಬಾ" ಎಂದು ಒಪ್ಪಿಸಿದೆ.

ಮರುದಿನ ಸಂಜೆ ಪೇಟೆಯಲ್ಲಿ ಹೂವಿನವರನ್ನೂ ಸೊಪ್ಪಿನವರನ್ನೂ ದಾಟಿ ಎಡಕ್ಕೆ ತಿರುಗಿದವನು ಇಬ್ಬರನ್ನೂ ಯಾರದೋ ಹಿತ್ತಿಲಿಗೆ ಕರೆದೊಯ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಯಾರ್ ಬೇಕಾಗಿತ್ರಿ?" ಎಂದಳು. "ಇದು ಹಳೇ ಕಾಲದ ದಾರಿ" ಎಂದು ನಾಗರಾಜನಿಗೆ ವಿವರಿಸಿ ಹಿಂದಿರುಗಿದೆ. ಕೊನೆಗೆ ಜನ ಮುತ್ತಿಕೊಂಡಿದ್ದ ಒಂದು ಮಂಡಕ್ಕಿ ಗಾಡಿಯ ಮುಂದೆ, ನಾನು ದಿನವೂ ಬರುವವನ ಗತ್ತಿನಲ್ಲಿ ನಿಂತೆ.

ಬಾಣಲೆಯ ಹಿಂದಿದ್ದ ಗಾಡಿಯವನು ತಲೆಯೆತ್ತಿದ. ನನ್ನನ್ನಲ್ಲ, ಸರೋಜಳನ್ನು ನೋಡಿದ.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ! ಸೋಮವಾರ ಅಲ್ವಾ, ನಿಮಗೆ ಈರುಳ್ಳಿ ಹಾಕದಂಗೆ ಬ್ಯಾರೆ ಕಲಸ್ತೀನಿ. ಮಿರ್ಚಿ ಎಂದಿನಂಗೆ ತಾನೆ?"

ನಾಗರಾಜ ನನ್ನ ಮುಖ ನೋಡಿದ. ನಾನು ಸರೋಜಳ ಮುಖ ನೋಡಿದೆ. ಸರೋಜ ಮಿರ್ಚಿ ನೋಡುತ್ತಿದ್ದಳು. "ಒಪ್ಪೊತ್ತಿನಾಗೆ ಎರಡನೇ ಸಲ ಅನ್ನ ಉಣ್ಣಬಾರದು. ಮಂಡಕ್ಕಿ ಫಲಾರ" ಎಂದು ಶಾಸ್ತ್ರ ಹೇಳಿ ಬೆಂಚಿನ ಮೇಲೆ ಕೂತಳು. ನನ್ನ ಅಷ್ಟೂ ವರ್ಷದ ಅರ್ಧ ಮುದ್ದೆಗಳು ವ್ಯರ್ಥವಾದುವಲ್ಲ ಎಂದು ನಿಜವಾಗಿಯೂ ಹೊಟ್ಟೆ ಉರಿಯಿತು.

ಗಾಡಿಯವನು ನನ್ನ ಕಡೆ ಸೌಟು ತೋರಿಸಿ, "ಇವ್ರು ಯಾರಕ್ಕ? ಊರಿಗೆ ಹೊಸಬರೇನು?" ಎಂದು ಕೇಳಿದ.

"ಹೂಂ ಭಾಷಾ, ಇಬ್ರೂ ನೆಂಟರೇ" ಎಂದಳು ಸರೋಜ. "ಇವ್ರಿಗೆ ಖಾರ ಕಮ್ಮಿ ಹಾಕಪ್ಪ."

ನಾಗರಾಜ ನಗು ತಡೆದುಕೊಂಡು ನನಗೆ ಬೆಂಚಿನಲ್ಲಿ ಜಾಗ ಬಿಟ್ಟ. ನೆಂಟನಾದ ಮೇಲೆ ಸಂಕೋಚ ಯಾಕೆಂದು ಎರಡನೆಯ ಪ್ಲೇಟನ್ನು ನಾನೇ ಕೇಳಿದೆ.