ಹಂದಿಗೆ ಬಿದ್ದ ಬಾಣ

ವಯಸ್ಸಾದಂತೆ ಮನುಷ್ಯನ ಕಣ್ಣು ಮಂಜಾಗುತ್ತದೆ; ಗುರಿ ಮಾತ್ರ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತ ಹೋಗುತ್ತದೆ. ಇದು ನನ್ನ ಸ್ವಂತ ಅನುಭವ. ಹರೆಯದಲ್ಲಿ ಬಿಲ್ಲು ಹಿಡಿದು ಹೊಡೆದದ್ದಕ್ಕಿಂತ, ಶಾಲೆಯ ಕ್ಲರ್ಕಿಕೆಯಿಂದ ನಿವೃತ್ತನಾದ ಮೇಲೆ ಕಟ್ಟೆಯ ಮೇಲೆ ಕೂತು ನಾನು ಹೊಡೆದದ್ದೇ ಹೆಚ್ಚು. ಮೊಲಗಳಂತೂ ಲೆಕ್ಕಕ್ಕಿಲ್ಲ. ನಾನು ಬಾಯಿ ತೆರೆದರೆ ಸಾಕು, ನಮ್ಮೂರು ತಂಬೂರಿನ ಸುತ್ತಲಿನ ಕುರುಚಲು ಕಾಡಿನಿಂದ ತಾವಾಗಿಯೇ ಬಂದು ಬೀಳುತ್ತವೆ. ಅವುಗಳ ಬಗ್ಗೆ ಯಾರೂ ಚಕಾರವೆತ್ತುವುದಿಲ್ಲ. ತಕರಾರು ಇರುವುದು ಒಂದೇ ಒಂದು ಹಂದಿಯ ಬಗ್ಗೆ. ತಕರಾರು ತೆಗೆದವನು ನನ್ನ ಹೆಂಡತಿ ನೀಲವ್ವನ ಅಣ್ಣ, ಬಾಜೂ ಊರಿನ ಫಕೀರಪ್ಪ.

ನಮ್ಮ ಕಾಲದಲ್ಲಿ ಹೋಳಿಹುಣ್ಣಿಮೆ ಮುಗಿಯುತ್ತಲೇ ಗಂಡಸರೆಲ್ಲ ಬೇಟೆಗೆ ಹೋಗುವ ರೂಢಿಯಿತ್ತು. ಬೇಟೆಯಾಡಬಾರದೆಂಬ ಕಾಯಿದೆ ಆಗಲೂ ಇದ್ದಿರಬೇಕು. ಆದರೆ ಅದು ಕಲಘಟಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಮ್ಮ ಊರಿನ ತನಕ ನಡೆದುಬಂದಿರಲಿಲ್ಲ. ಕೆಲವರು ಹಲಗೆ ಬಡಿದು ಪ್ರಾಣಿಗಳನ್ನು ಎಬ್ಬಿಸುವುದು, ಉಳಿದವರು ಬಿದಿರಿನ ಬಿಲ್ಲು ಹಿಡಿದು ಪೊದೆಗಳ ಹಿಂದೆ ಕಾಯುವುದು. ಆ ವರ್ಷ ನಾನೂ ಫಕೀರಪ್ಪನೂ ಒಂದೇ ಪೊದೆಯ ಹಿಂದೆ ಕೂತಿದ್ದೆವು. ಆಗಿನ್ನೂ ಅವನು ಬರೀ ಗೆಳೆಯ. ಇಳಿಜಾರಿನಿಂದ ಹಂದಿಯೊಂದು ನುಗ್ಗಿ ಬಂತು. ಇಬ್ಬರೂ ಒಟ್ಟಿಗೇ ಬಾಣ ಬಿಟ್ಟೆವು. ಹಂದಿ ನಮ್ಮನ್ನು ದಾಟಿ ಹಳ್ಳದ ಕಡೆ ಓಡಿತು. ನಾವು ಧೈರ್ಯ ಒಟ್ಟುಗೂಡಿಸಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಫಕೀರಪ್ಪನ ತಂದೆ ಸತ್ತ ಹಂದಿಯ ಪಕ್ಕದಲ್ಲಿ ನಿಂತಿದ್ದ. ಹಂದಿಯ ಪಕ್ಕೆಯಲ್ಲಿ ಒಂದೇ ಬಾಣ. ಅದರ ಗರಿ ಕಿತ್ತುಹೋಗಿದ್ದರಿಂದ ಯಾರದೆಂದು ಗುರುತು ಹತ್ತುವಂತಿರಲಿಲ್ಲ. ಆ ಹಿರಿಯ ತನ್ನ ಮೀಸೆ ತಿರುವಿ, “ಇಬ್ಬರಾಗ ಯಾರರ ಒಬ್ಬಾಂವಂದು” ಎಂದು ತೀರ್ಪು ಕೊಟ್ಟ.

ಮುಂದಿನ ಬೇಸಿಗೆಯಲ್ಲಿ ಅದೇ ಹಿರಿಯ ತನ್ನ ಮಗಳನ್ನು ನನಗೆ ಕೊಟ್ಟ. ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಹಂದಿ ಹೊಡೆದ ಗಂಡು ಎಂದೇ ಹೆಣ್ಣು ಕೊಟ್ಟರೆಂದು ನಾನು ಅಂದಿನಿಂದಲೂ ಹೇಳುತ್ತ ಬಂದಿದ್ದೇನೆ. ಫಕೀರಪ್ಪನ ವಾದ ಬೇರೆ. ಈ ವರ್ಷ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಊಟದ ಪಂಕ್ತಿಯಲ್ಲಿ, ಹೊಸ ಬೀಗರ ಎದುರಿಗೇ ಅದನ್ನು ಹೊರಹಾಕಿದ.

“ಹಂದಿ ಹೊಡದಾಂವ ನಾನರೀ. ಪಾಪ, ಇಂವಗ ಏನರ ಕೊಡಬೇಕಲ್ಲಾ ಅಂತ ತಂಗೀನ ಕೊಟ್ವಿ.”

ಬೀಗರು ನಕ್ಕರು. ನನಗೆ ತಡೆಯಲಾಗಲಿಲ್ಲ. “ನಿನ್ನ ಬಾಣ ಹೋಗಿ ನಟ್ಟಿದ್ದು ಹುಣಸೀ ಗಿಡಕ್ಕ. ಆ ಗಿಡಾನ ಮನಿಗೆ ಹೊತಗೊಂಡು ಹೋಗಬೇಕಿತ್ತು ನೀನು” ಎಂದೆ. ಫಕೀರಪ್ಪ ಅರ್ಧ ಉಂಡ ಎಲೆ ಬಿಟ್ಟು ಎದ್ದ. “ಲೇ ಹನಮ್ಯಾ, ಇನ್ನ ನಿನ್ನ ಹೊಸ್ತಲಾ ತುಳದ್ರ ಕೇಳು!” ಎಂದು ಹೊರಟೇಹೋದ.

ಹೋದರೆ ಹೋಗಲಿ ಎಂದುಕೊಂಡೆ. ಆದರೆ ನಾಗರಪಂಚಮಿ ಹತ್ತಿರ ಬಂತು. ಪ್ರತಿ ಪಂಚಮಿಗೂ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ತವರಿನ ಉಂಡಿ ತಿನ್ನದೆ ನೀಲವ್ವ ಒಂದು ವರ್ಷವೂ ಇದ್ದವಳಲ್ಲ. ಈ ಸಲ ಅಣ್ಣನ ಸುದ್ದಿಯೇ ಇಲ್ಲ. ಅವಳು ಬೈದಿದ್ದರೆ ನಾನು ನಿಶ್ಚಿಂತೆಯಿಂದ ಇರುತ್ತಿದ್ದೆ. ಬೈಯಲಿಲ್ಲ. ದಿನಾಲು ಸಂಜೆ ಬಾಗಿಲಿಗೆ ಬಂದು ಹಾದಿ ನೋಡಿ, ಸುಮ್ಮನೆ ಒಳಗೆ ಹೋಗುತ್ತಿದ್ದಳು. ಕೊನೆಗೆ ಒಂದು ದಿನ ಅವಳೇ ನನ್ನ ಮುಂದೆ ಕೂತು ಅಣ್ಣನಿಗೆ ಫೋನ್ ಹಚ್ಚಿದಳು.

“ಅಣ್ಣಾ, ಆ ಹಂದಿ ಸತ್ತು ಯಾವ ಕಾಲ ಆತು! ನಾ ಇನ್ನೂ ಜೀವಂತ ಅದೇನಿ. ಬಿಲ್ಲ ತಗೊಂಡು ಬಾ. ಇವರೂ ತಗೋತಾರ. ಯಾರ ಗುರಿಕಾರರು ಅನ್ನೂದು ಒಮ್ಮೆ ಮುಗದ ಹೋಗ್ಲಿ.”

ಫಕೀರಪ್ಪ ಮರುದಿನವೇ ಬಂದ. ಹೊಸ್ತಿಲು ತುಳಿಯುವುದಿಲ್ಲವೆಂಬ ಆಣೆ ಇತ್ತಲ್ಲ, ಬೇಲಿ ಸರಿಸಿ ಹಿತ್ತಲಿನಿಂದ ಬಂದ. ಅಟ್ಟದ ಮೇಲಿದ್ದ ನನ್ನ ಬಿಲ್ಲಿನ ಹೆದೆಯನ್ನು ಇಲಿಗಳು ತಿಂದಿದ್ದವು. ಎಮ್ಮೆ ಕಟ್ಟುವ ನೈಲಾನ್ ಹಗ್ಗದ ತುಂಡು ಕಟ್ಟಿಕೊಂಡೆ. ನನ್ನ ಭುಜ ಹಿಡಿದುಕೊಂಡಿತ್ತು, ಅವನ ಕೈ ನಡುಗುತ್ತಿತ್ತು. ನೀಲವ್ವ ಹಿತ್ತಲಿನ ತುದಿಯ ಕಲ್ಲಿನ ಮೇಲೆ ಒಂದು ಕುಂಬಳಕಾಯಿ ಇಟ್ಟಳು. “ಮೊದಲ ಯಾರು ಅಂತ ಮತ್ತ ಜಗಳಾ ತಗೀಬ್ಯಾಡ್ರಿ. ನಾ ಮೂರು ಅಂದಕೂಡಲೆ ಇಬ್ಬರೂ ಬಿಡ್ರಿ” ಎಂದಳು.

ನಾನು ಹಳೆಯ ರೂಢಿಯಂತೆ ಎಡಗಣ್ಣು ಮುಚ್ಚಿ ಗುರಿ ಹಿಡಿದೆ. ಆಪರೇಶನ್ ಆಗಿ ಚೆನ್ನಾಗಿ ಕಾಣುತ್ತಿದ್ದದ್ದು ಅದೊಂದೇ ಕಣ್ಣೆಂಬುದು, ಕುಂಬಳಕಾಯಿ ಮಾಯವಾದಾಗ ನೆನಪಾಯಿತು. ಅಷ್ಟರಲ್ಲಿ ಮೂರು ಅಂದುಬಿಟ್ಟಳು. ಮಳೆಯ ರಾಡಿಯಲ್ಲಿ ನನ್ನ ಕಾಲು ಜಾರಿ ಬಾಣ ನೆಟ್ಟಗೆ ಆಕಾಶಕ್ಕೆ ಹೋಯಿತು. ಹೋದದ್ದು ಕಂಡಿತು, ಬರುವುದು ಕಾಣಲಿಲ್ಲ. ಇಬ್ಬರೂ ತಲೆಯ ಮೇಲೆ ಕೈಯಿಟ್ಟುಕೊಂಡು ದನದ ಕೊಟ್ಟಿಗೆಯೊಳಗೆ ಓಡಿದೆವು. ಹೊರಗೆ ಗೂಟಕ್ಕೆ ಕಟ್ಟಿದ್ದ ಎಮ್ಮೆಯ ಅರಚಾಟ, ಧಡ್ ಎಂಬ ಸಪ್ಪಳ. ಇಣುಕಿದರೆ ಕುಂಬಳಕಾಯಿ ಕೆಳಗೆ ಒಡೆದು ಬಿದ್ದಿತ್ತು.

“ನಂದು!” ಎಂದೆ.

“ನಂದಲೇ!” ಎಂದ ಫಕೀರಪ್ಪ.

ನೀಲವ್ವ ಬಾವಿಕಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಫಕೀರಪ್ಪನ ಬಾಣ ಎಮ್ಮೆಯ ಹೊಟ್ಟೆಯ ಕೆಳಗೆ ಹಾದುಹೋಗಿ, ಎಮ್ಮೆ ಬೆದರಿ ಗೂಟ ಕಿತ್ತು, ಓಡುವಾಗ ಕಲ್ಲಿಗೆ ಗುದ್ದಿತ್ತಂತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳೆಂದಳು: “ಅವತ್ತೂ ಹಿಂಗ ಆಗಿತ್ತಂತ. ಹಂದಿ ಹಳ್ಳದ ದಂಡಿಯಿಂದ ಬಂಡಿಗಲ್ಲಿನ ಮ್ಯಾಲ ಬಿದ್ದು ಕುತಿಗಿ ಮುರಕೊಂಡಿತ್ತು. ಮಂದ್ಯಾಗ ನಿಮ್ಮಿಬ್ಬರ ಮಾರಿ ಸಣ್ಣ ಆಗಬಾರದಂತ ಅಪ್ಪ ತನ್ನ ಬಾಣಾನ ಚುಚ್ಚಿ, ಗರಿ ಕಿತ್ತು ಒಗದಿದ್ದ. ಮದುವಿ ಮುಂದ ನನಗ ಹೇಳಿದ.”

ನಾನು ಕೊಟ್ಟಿಗೆಯಿಂದ ಹೊರಗೆ ಬಂದು ಕೇಳಿದೆ: “ಮತ್ತ ನನಗ ಹೆಣ್ಣ ಯಾಕ ಕೊಟ್ಟ ನಿಮ್ಮಪ್ಪ?”

“ಅವತ್ತ ಮುಂಜಾನೆ ಮೊಲಕ್ಕ ಬಿಟ್ಟು ತಪ್ಪಿದ ಬಾಣ ಹುಡಕಾಕ ಮುಳ್ಳಕಂಟಿಯಾಗ ಹೊಕ್ಕು ಮೈಯೆಲ್ಲಾ ಕೆರಕೊಂಡು ಬಂದ್ರಂತಲ್ಲ ನೀವು. ‘ಹುಡುಗ ಜತನಗಾರ ಅದಾನ. ಗುರಿ ಇಲ್ಲ, ನಡೀತೈತಿ’ ಅಂದ.”

“ಇಷ್ಟ ದಿವಸ ಯಾಕ ಹೇಳಲಿಲ್ಲಬೇ?” ಎಂದು ಫಕೀರಪ್ಪ ಕೇಳಿದ.

“ಜಗಳಾಡಕೋಂತ ಇಬ್ಬರೂ ಖುಷೀಲೆ ಇದ್ರಿ. ನನ್ನ ಪಂಚಮಿಗೆ ಅಡ್ಡ ಬಂತು, ಹೇಳಿದೆ.”

ಫಕೀರಪ್ಪ ಸುತ್ತು ಬಳಸಿ ಮುಂಬಾಗಿಲಿನಿಂದ ಒಳಗೆ ಬಂದ. ಇಬ್ಬರೂ ಮನೆಯಲ್ಲಿ ಸೂತಕವಾದವರಂತೆ ಊಟ ಮಾಡಿದೆವು. ಅಣ್ಣ ತಂಗಿ ತವರಿಗೆ ಹೋದರು. ನನಗೆ ಹೆಂಡತಿ ಊರಿಗೆ ಹೋದದ್ದಕ್ಕಿಂತ ಹಂದಿ ಕೈಬಿಟ್ಟುಹೋದದ್ದೇ ಹೆಚ್ಚು ಖಾಲಿಯೆನಿಸಿತು.

ಪಂಚಮಿ ಮುಗಿಸಿ ತಂಗಿಯನ್ನು ಬಿಡಲು ಬಂದ ಫಕೀರಪ್ಪ ನನ್ನ ಜೊತೆ ಕಟ್ಟೆಯ ಮೇಲೆ ಕೂತಿದ್ದ. ಯಾರೋ ಹಂದಿಯ ಕಥೆ ಕೇಳಿದರು. ಅವನ ಮಾರಿ ನೋಡಿ, “ಹಂದಿ ಬಿಡ್ರಿ, ತ್ವಾಳದ ಸುದ್ದಿ ಹೇಳ್ತೇನಿ” ಎಂದು ಶುರು ಮಾಡಿದೆ. ಆ ತೋಳ ಅದೇ ಕ್ಷಣದಲ್ಲಿ ನನ್ನ ಬಾಯಲ್ಲಿ ಹುಟ್ಟಿದ್ದು. ಬೇಕೆಂದೇ ಆ ಬೇಟೆಗೆ ನಾನೊಬ್ಬನೇ ಹೋಗಿದ್ದೆ. ಕಥೆ ಅರ್ಧಕ್ಕೆ ಬಂದಾಗ ಫಕೀರಪ್ಪ ಗಂಟಲು ಸರಿಮಾಡಿಕೊಂಡ.

“ಖರೇ ಹೇಳು ಹನಮ್ಯಾ, ಅದಕ್ಕ ಮೊದಲ ತಾಗಿದ್ದು ನನ್ನ ಬಾಣ ಹೌದಲ್ಲೊ?”

ಇಲ್ಲದ ತೋಳವಾದರೇನು, ನನಗೆ ಬಂದ ಸಿಟ್ಟು ಮಾತ್ರ ಅಗದಿ ಖರೆ. ನಾವಿಬ್ಬರೂ ಈಗ ಮತ್ತೆ ಮಾತು ಬಿಟ್ಟಿದ್ದೇವೆ.