ಯುದ್ಧ ನಿಲ್ಲಿಸಲು ಹೊರಟ ಸೋದರಮಾವ

ಜಗತ್ತಿನ ಯಾವ ಮೂಲೆಯಲ್ಲಿ ಯಾರು ಹೊಡೆದಾಡಬೇಕಾದರೂ ಮೊದಲು ಹುಮನಾಬಾದಿಗೆ ಬಂದು ನಮ್ಮ ಸೋದರಮಾವನ ಪರವಾನಗಿ ಪಡೆಯಬೇಕು! ಈ ಕಾನೂನನ್ನು ಬೇರೆ ಯಾರೂ ಮಾಡಿರಲಿಲ್ಲ. ಊರಿಗೆ ಹೊಂದಿಕೊಂಡ ಮಾಣಿಕನಗರದ ಗುಡಿಯ ಮುಂದಿನ ತನ್ನ ತೆಂಗಿನಕಾಯಿ ಅಂಗಡಿಯಲ್ಲಿ ಕೂತು ಮಾವನೇ ಮಾಡಿಕೊಂಡಿದ್ದ. ರೇಡಿಯೊ ವಾರ್ತೆ ಮುಗಿಯುವವರೆಗೆ ಗಿರಾಕಿಗೆ ಕಾಯಿ ಕೊಡುತ್ತಿರಲಿಲ್ಲ. "ದೇವರು ಎಲ್ಲಿ ಓಡಿ ಹೊಂಟಾನ? ನಿಂದರ್ರಿ, ಅಲ್ಲಿ ತೋಪು ಹೊರಗ ತೆಗ್ಯಾಕತ್ತಾರ!" ಎನ್ನುತ್ತಿದ್ದ.

ಆ ವರ್ಷ ಇರಾಕ್ ಮತ್ತು ಇರಾನ್ ಇಂದೋ ನಾಳೆಯೋ ಕಾದಾಡುತ್ತವೆ ಎಂದು ರೇಡಿಯೊ ಹೇಳತೊಡಗಿತು. ಮಾವನ ಪಕ್ಕದ ಮನೆಯ ಖೈರುನ್‌ಬಿಯ ಒಬ್ಬನೇ ಮಗ ಬಶೀರ ಇರಾಕಿನ ಬಸ್ರಾಕ್ಕೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ. ಆಕೆ ದಿನಾ ಅಂಗಡಿಗೆ ಬಂದು, "ಭಾಯಿ, ಲಡಾಯಿ ಆಗತದೇನು?" ಎಂದು ಕೇಳುವಳು. ನಾಲ್ಕನೆಯ ದಿನ ಮಾವ ರೇಡಿಯೊ ಬಂದ್ ಮಾಡಿ, "ಹ್ಯಾಂಗ ಆಗತದ ನಾನೂ ನೋಡ್ತೀನಿ!" ಎಂದ.

ಬಸವಕಲ್ಯಾಣದಲ್ಲಿ ಕಾರಕೂನನಾಗಿದ್ದ ನನಗೆ "ಕೂಡಲೇ ಬಾ" ಎಂದು ತಂತಿ ಬಂತು. ಯಾರೋ ಹೋಗಿಬಿಟ್ಟರೆಂದು ಅಳುತ್ತಲೇ ಬಸ್ಸು ಹತ್ತಿದೆ. ಬಂದು ನೋಡಿದರೆ, ಮಾವನ ಶಾಂತಿ ಮೆರವಣಿಗೆಗೆ ಒಬ್ಬ ಓದಿದವನು ಬೇಕಿತ್ತಂತೆ! ನನಗಿಂತ ಹೆಚ್ಚು ಓದಿದವರು ಊರಲ್ಲೇ ಬೇಕಾದಷ್ಟಿದ್ದರು. ಮಾವನಿಗೆ ಒಲ್ಲೆ ಎನ್ನುವ ಧೈರ್ಯವಿಲ್ಲದವನು ಮಾತ್ರ ನಾನೊಬ್ಬನೇ.

ಮೆರವಣಿಗೆಗೆ ಸಿಕ್ಕಿದ್ದು ಮದುವೆಯ ಬ್ಯಾಂಡು. ಅದರ ಮೇಸ್ತ್ರಿ, "ಪೇಟಾ ಕಟ್ಟಿದಾಂವ ಮುಂದ ಇಲ್ಲಂದ್ರ ನಮ್ಮ ಮಂದಿ ಹೆಜ್ಜಿ ಎತ್ತಂಗಿಲ್ರಿ, ರೂಢಿ ಇಲ್ಲ" ಎಂದು ಹಟ ಹಿಡಿದ. ಮೂವತ್ತಾರು ವರ್ಷ ಯಾವ ಕನ್ಯಾಪಿತೃವೂ ಕಣ್ಣೆತ್ತಿ ನೋಡದ ನನ್ನ ತಲೆಗೆ ಮಾವ ಜರಿಪೇಟಾ ಸುತ್ತಿಯೇಬಿಟ್ಟ! ಹಿಂದೆ ಖೈರುನ್‌ಬಿಯೂ ಸೇರಿ ಹದಿನೆಂಟು ಜನ "ಯುದ್ಧ ಬ್ಯಾಡ! ನಮ್ಮ ಬಶೀರ ಬರಲಿ!" ಎಂದು ಕೂಗುತ್ತಿದ್ದರು. ಮುಂದೆ ಬ್ಯಾಂಡಿನವರು ಮದುಮಗನನ್ನು ಎದುರುಗೊಳ್ಳುವ ಧಾಟಿ ಬಾರಿಸುತ್ತಿದ್ದರು. ಘೋಷಣೆ ಯಾರಿಗೆ ಕೇಳಬೇಕು? ಓಣಿಯ ಹೆಂಗಸರು ಆರತಿ ತಂದು ನನಗೆ ಕುಂಕುಮ ಹಚ್ಚಿದರು. "ತಡಾ ಆದ್ರೂ ಆತಲ್ಲವ್ವಾ!" ಎಂದು ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಆಮೇಲೆ ಮಾವನನ್ನು ಕೇಳಿದಳು, "ಹೆಣ್ಣು ಯಾವ ಊರದರಿ?"

"ಹೆಣ್ಣಿಲ್ಲಬೇ, ಯುದ್ಧ ನಿಂದ್ರಸಾಕ ಹೊಂಟೇವಿ!"

"ಮದಲ ಲಗ್ನಾ ಮಾಡ್ರಿ, ಆಮ್ಯಾಗ ನಿಂದ್ರಸೀರಂತ!"

ನಿಜ ಹೇಳಲೇ? ಯುದ್ಧವನ್ನೂ ಬಶೀರನನ್ನೂ ಮರೆತು ನಾನು ಆರತಿಗೆ ಎರಡು ಸಲ ತಲೆಬಾಗಿದೆ.

ಮೆರವಣಿಗೆ ಮುಟ್ಟಿದ ತಹಶೀಲ್ದಾರ ಸಾಹೇಬರ ಕಚೇರಿಯಲ್ಲಿ ಮಾವ ಎರಡೂ ದೇಶದ ದೊರೆಗಳಿಗೆ ಬರೆದ ಮನವಿ ಕೊಟ್ಟ. ಅಚ್ಚ ಕನ್ನಡದಲ್ಲಿ!

"ಅವರಿಗೆ ಕನ್ನಡ ತಿಳೀತದೇನ್ರಿ?" ಎಂದರು ಸಾಹೇಬರು.

"ತಿಳದವರನ್ನ ಹುಡುಕಿ ಓದಿಸಿಕೊಳ್ಳಲಿ. ಅಷ್ಟೊತ್ತರ ಸುಮ್ಮ ಕೂಡತಾರಲ್ಲರಿ!"

ಆ ದಿನವೇ ಖೈರುನ್‌ಬಿ ನನ್ನಿಂದ ಮಗನಿಗೆ ಕಾಗದ ಬರೆಸಿ, ಮೆರವಣಿಗೆಯ ಸುದ್ದಿಯನ್ನೆಲ್ಲ ಸೇರಿಸಿದಳು. ನನ್ನ ಪೇಟಾವನ್ನೂ ಬಿಡಲಿಲ್ಲ.

ಹದಿನೈದು-ಇಪ್ಪತ್ತು ದಿನಗಳಲ್ಲಿ ಯುದ್ಧ ಶುರುವಾಯಿತು. ಮಾವ ಎರಡು ದಿನ ಅಂಗಡಿ ತೆರೆಯಲಿಲ್ಲ. ರವಿವಾರ ಊರಿಗೆ ಬಂದ ನಾನು ಮಹಾ ಬುದ್ಧಿವಂತನಂತೆ, "ಹದಿನೆಂಟು ಮಂದಿ ಒದರಿದ್ರ ಯಾರು ಕೇಳ್ತಾರ ಮಾವಾ?" ಎಂದೆ. ಆ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಖೈರುನ್‌ಬಿ ಅಂಚೆಯವನ ದಾರಿ ಕಾಯುತ್ತ ಊಟ ಬಿಟ್ಟಳು.

ತಿಂಗಳ ಮೇಲೆ ಕಾಗದ ಬಂತು. ರಜೆಗೆ ಬಂದಿದ್ದ ನಾನೇ ಅಂಗಡಿಯಲ್ಲಿ ಓದಿದೆ.

"ಅಮ್ಮೀ, ಗಡಿ ದಾಟಿ ಕುವೈತಿಗೆ ಬಂದೀನಿ, ಜೀವಂತ ಇದ್ದೀನಿ. ನಿನ್ನ ಕಾಗದ ಖೋಲಿಯೊಳಗ ಎಲ್ಲಾರಿಗೂ ಓದಿ ಹೇಳಿದ್ದೆ. ಯಾರೂ ನಗಲಿಲ್ಲ. ಆರು ಮಂದಿ ಗೆಳೆಯರು ಇನ್ನಾ ಅಲ್ಲೇ ಉಳದಾರ. ನಾ ಹೊಂಡೂ ಮುಂದ, 'ನಿಮ್ಮೂರಾಗ ನಮ್ಮ ಹೆಸರೂ ಕೂಗಂತ ಹೇಳು' ಅಂದ್ರು. ಮಾಮಾಗ ಹೇಳು."

ಕೆಳಗೆ ಆರು ಹೆಸರು. ಖೈರುನ್‌ಬಿ ಅಳುತ್ತ ನೆಲಕ್ಕೆ ಕೂತಳು. ನಾನು ಮೂರು ಹೆಸರು ಓದಿ, ಮುಂದೆ ಓದಲಾರದೆ ಕಾಗದ ಕೆಳಗಿಳಿಸಿದೆ. ಮಾವ ಕಾಗದ ಕಸಿದುಕೊಂಡು ಬೀದಿಗಿಳಿದು, ಉಳಿದ ಮೂರನ್ನು ದೊಡ್ಡ ದನಿಯಲ್ಲಿ ಕೂಗಿದ. ಖೈರುನ್‌ಬಿ ಒಂದೊಂದು ಹೆಸರಿಗೂ "ಬರಲಿ" ಎಂದಳು. ಕಾಯಿಗೆಂದು ಬಂದು ನಿಂತಿದ್ದ ಯಾರೋ ಹೆಂಗಸು, ಏನು ಎತ್ತ ಎಂದು ಕೇಳದೆ, ಆಕೆಯ ಜೊತೆ ತಾನೂ "ಬರಲಿ" ಎಂದಳು.